ಬಾಡಿಗೆ ಕಾರು, ಎಕ್ಸೆಸ್ ಖರ್ಚು ಮತ್ತು ಮಲೆನಾಡಿನ ರಸ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮೊದಲೆಲ್ಲ ಜನ ಸ್ವಂತ ಕಾರಲ್ಲೋ ಡ್ರೈವರ್ ಇರುವ ಟ್ಯಾಕ್ಸಿಯಲ್ಲೋ ಬರುತ್ತಿದ್ದರು. ಈಗ ಸೆಲ್ಫ್ ಡ್ರೈವ್ ಬಾಡಿಗೆ ಕಾರಿನವರೇ ಜಾಸ್ತಿ. ಅಂಗಳದಲ್ಲಿ ಕಾರು ನಿಲ್ಲಿಸಿದ ಕೂಡಲೇ ಅವರು ಮಾಡುವ ಮೊದಲ ಕೆಲಸ ಕಾಫಿ ಕುಡಿಯುವುದಲ್ಲ, ಮಂಡಿಯೂರಿ ಬಂಪರ್ ಕೆಳಗೆ ಇಣುಕುವುದು. ಆಮೇಲೆ ಜಗಲಿಯಲ್ಲಿ ಕೂತು ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ನಾನು ಇನ್ಶೂರೆನ್ಸ್ ಏಜೆಂಟ್ ಅಲ್ಲ. ಆದರೆ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ಸುಟ್ಟುಕೊಂಡವರನ್ನು ಹತ್ತಿರದಿಂದ ನೋಡಿದ್ದೇನೆ.

ಎಕ್ಸೆಸ್ ಅಂದರೆ ಏನು?

ಕಾರಿಗೆ ಪೆಟ್ಟಾದಾಗ ಇನ್ಶೂರೆನ್ಸ್ ಕೊಡುವ ಮೊದಲು ನಿಮ್ಮ ಜೇಬಿನಿಂದ ಹೋಗುವ ಪಾಲು. ವಿದೇಶದಲ್ಲಿ ಎಕ್ಸೆಸ್ ಅನ್ನುತ್ತಾರೆ, ನಮ್ಮಲ್ಲಿ ಡಿಡಕ್ಟಿಬಲ್ ಅನ್ನುವುದು ರೂಢಿ. ಸ್ವಂತ ಕಾರಿನ ಪಾಲಿಸಿಯಲ್ಲಿ ಇದು ಸಣ್ಣ ಮೊತ್ತ: 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ ಆದರೆ 2,000. ಹಾಗಾಗಿ ನಾವು ಅದರ ಬಗ್ಗೆ ತಲೆ ಕೆಡಿಸಿಕೊಂಡವರೇ ಅಲ್ಲ.

ಬಾಡಿಗೆ ಕಾರಿನ ಲೆಕ್ಕ ಬೇರೆ. ಅಲ್ಲಿ ನಿಮ್ಮ ಪಾಲು ಎಷ್ಟು ಎಂದು ಹೇಳುವುದು ಪಾಲಿಸಿ ಅಲ್ಲ, ನೀವು ಫೋನಿನಲ್ಲಿ ಓದದೇ ಟಿಕ್ ಮಾಡಿದ ಬಾಡಿಗೆ ಕರಾರು. ಹತ್ತು ಸಾವಿರ ಅಂತ ಬರೆದಿದ್ದರೆ ಹತ್ತು ಸಾವಿರ. ಕೆಲವು ಕರಾರಿನಲ್ಲಿ ಮಿತಿಯೇ ಇರುವುದಿಲ್ಲ, ಪೂರ್ತಿ ರಿಪೇರಿ ನಿಮ್ಮ ತಲೆಗೆ.

ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ ಅಂತಾರಲ್ಲ, ಮತ್ತೆ ನಾನ್ಯಾಕೆ ಕೊಡಬೇಕು?

ಇದ್ದೇ ಇರುತ್ತದೆ. ಆದರೆ ಆ ಪಾಲಿಸಿ ಇರುವುದು ಕಾರಿನ ಮಾಲೀಕರ ಹೆಸರಲ್ಲಿ, ಉಳಿಸುವುದೂ ಅವರ ದುಡ್ಡನ್ನೇ. ಎದುರಿನವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಕಾರಿಗೇ ಆಗುವ ಪೆಟ್ಟಿಗೆ ಓನ್ ಡ್ಯಾಮೇಜ್ ಭಾಗ ಬೇರೆ.

ಸಣ್ಣ ಪೆಟ್ಟಿಗೆಲ್ಲ ಮಾಲೀಕರು ಕ್ಲೇಮ್ ಹಾಕುವುದಿಲ್ಲ. ಯಾಕೆ ಅಂದರೆ, ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20 ಪರ್ಸೆಂಟ್ ರಿಯಾಯಿತಿ, ಐದು ವರ್ಷ ಕಳೆದರೆ 50 ಪರ್ಸೆಂಟ್. ಒಂದು ಬಂಪರ್‌ಗಾಗಿ ಅದನ್ನು ಯಾರು ಕಳೆದುಕೊಳ್ಳುತ್ತಾರೆ? ಜೊತೆಗೆ ಕ್ಲೇಮ್ ಹಾಕಿದರೂ ಪೂರ್ತಿ ಬರುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಸವಕಳಿ ಅಂತ ಅರ್ಧ ಮುರಿದುಕೊಳ್ಳುತ್ತಾರೆ, ಫೈಬರ್‌ಗ್ಲಾಸ್‌ಗೆ 30 ಪರ್ಸೆಂಟ್. ಈಗಿನ ಕಾರಿನ ಮುಂಭಾಗ ಮುಟ್ಟಿ ನೋಡಿ, ಪ್ಲಾಸ್ಟಿಕ್ ಅಲ್ಲದ್ದು ಏನಿದೆ? ಸವಕಳಿ ಮುರಿದುಕೊಳ್ಳದ 'ಝೀರೋ ಡೆಪ್ರಿಸಿಯೇಷನ್' ಕವರ್ ಇಲ್ಲದ ಕಾರಾದರೆ ಆ ಅರ್ಧವನ್ನು ನಿಮ್ಮಿಂದಲೇ ವಸೂಲಿ ಮಾಡಲು ನೋಡುತ್ತಾರೆ.

ಈ ಎಕ್ಸೆಸ್‌ಗೇ ಅಂತ ಬೇರೆ ಇನ್ಶೂರೆನ್ಸ್ ಸಿಗುತ್ತದಾ?

ಯುರೋಪ್, ಬ್ರಿಟನ್ ಕಡೆ ಸಿಗುತ್ತದೆ. ಬಾಡಿಗೆ ಕಂಪನಿಗೆ ಸಂಬಂಧವೇ ಇಲ್ಲದ ಇನ್ನೊಂದು ವಿಮಾ ಕಂಪನಿಯಿಂದ ಕೊಳ್ಳುವಂಥದ್ದು. ಅದರ ವಿಷಯ ಕೆಳಗೆ ಹೇಳುತ್ತೇನೆ.

ಇಲ್ಲಿ ಆ ಪದ್ಧತಿ ಬೆಳೆದಿಲ್ಲ. ಬುಕ್ ಮಾಡುವಾಗ ಕೊನೆಯ ಸ್ಕ್ರೀನಿನಲ್ಲಿ ಬರುವ 'ಡ್ಯಾಮೇಜ್ ಪ್ರೊಟೆಕ್ಷನ್', 'ಟ್ರಿಪ್ ಪ್ರೊಟೆಕ್ಷನ್' ಎಂಬ ಸಣ್ಣ ಡಬ್ಬಿಯೇ ನಮ್ಮ ಎಕ್ಸೆಸ್ ಇನ್ಶೂರೆನ್ಸ್. ನೋಡಲು ವಿಮೆಯ ಹಾಗೆ ಇದ್ದರೂ ಸಾಮಾನ್ಯವಾಗಿ ಅದು ವಿಮೆ ಅಲ್ಲ. 'ಇಷ್ಟು ಜಾಸ್ತಿ ಕೊಡಿ, ಪೆಟ್ಟಾದರೆ ಇಷ್ಟಕ್ಕಿಂತ ಕೇಳುವುದಿಲ್ಲ' ಎಂದು ಬಾಡಿಗೆ ಕಂಪನಿ ಕೊಡುವ ಮಾತು, ಅಷ್ಟೇ. ಜಗಳ ಬಂದರೆ ನಿಮ್ಮ ಎದುರು ನಿಲ್ಲುವುದು ಅದೇ ಕಂಪನಿ.

ಪ್ಲಾನ್ ತಗೊಂಡರೆ ಪೂರ್ತಿ ಸೊನ್ನೆನಾ?

ಅಪರೂಪ. ಮಿತಿ ಕಡಿಮೆಯಾಗುತ್ತದೆ, ಮಾಯವಾಗುವುದಿಲ್ಲ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ರಿಪೇರಿ 38,000 ರೂಪಾಯಿ. ಕರಾರಿನಲ್ಲಿ ನಿಮ್ಮ ಪಾಲಿನ ಮಿತಿ 10,000. ಪರವಾಗಿಲ್ಲ, ಹತ್ತು ಸಾವಿರದಲ್ಲಿ ಮುಗಿಯಿತು ಅಂದುಕೊಳ್ಳುತ್ತೀರಿ. ಮುಗಿಯಲಿಲ್ಲ. ಕಾರು ಗ್ಯಾರೇಜಿನಲ್ಲಿ ನಾಲ್ಕು ದಿನ ನಿಂತಿತು, ದಿನದ ಬಾಡಿಗೆ 2,500, ಅಲ್ಲಿಗೆ ಇನ್ನೊಂದು ಹತ್ತು ಸಾವಿರ. ಇದಕ್ಕೆ ಡೌನ್‌ಟೈಮ್ ಚಾರ್ಜ್ ಅನ್ನುತ್ತಾರೆ. ಮೇಲೆ ಟೋಯಿಂಗ್. ಮಲೆನಾಡಿನಲ್ಲಿ ಟೋಯಿಂಗ್ ಅಂದರೆ ಶಿವಮೊಗ್ಗದಿಂದ ಗಾಡಿ ಹೊರಟು ಬರಬೇಕು, ಹೋಗಿಬರುವ ಎರಡೂ ಕಡೆಯ ಕಿಲೋಮೀಟರ್ ನಿಮ್ಮದೇ.

ಹಾಗಾಗಿ ಪ್ಲಾನ್ ಕೊಳ್ಳುವಾಗ ಕೇಳಬೇಕಾದ್ದು 'ಎಷ್ಟಕ್ಕೆ ಮಿತಿ' ಅಂತ ಮಾತ್ರ ಅಲ್ಲ, 'ಡೌನ್‌ಟೈಮ್, ಟೋಯಿಂಗ್ ಆ ಮಿತಿಯ ಒಳಗಾ ಹೊರಗಾ' ಅಂತ. ಉತ್ತರ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಮಲೆನಾಡಿಗೆ ಬಂದರೆ ವಿಶೇಷವಾಗಿ ಏನು ನೋಡಬೇಕು?

ಪ್ಲಾನಿನ ಕೊನೆಯಲ್ಲಿ 'ಇವು ಸೇರಿಲ್ಲ' ಅಂತ ಒಂದು ಪಟ್ಟಿ ಇರುತ್ತದೆ. ಸಣ್ಣ ಅಕ್ಷರ. ಟೈರ್, ರಿಮ್, ಕಾರಿನ ಹೊಟ್ಟೆ ಭಾಗ, ಗಾಜು, ಕನ್ನಡಿ, ಮೇಲ್ಛಾವಣಿ, ಒಳಗೆ ನೀರು, ಕೀ ಕಳೆದದ್ದು. ಬೆಂಗಳೂರಿನ ರಿಂಗ್ ರೋಡಿನಲ್ಲಿ ಓಡಾಡುವವರಿಗೆ ಇದು ದೊಡ್ಡ ವಿಷಯ ಅಲ್ಲ. ಅಲ್ಲಿ ಪೆಟ್ಟು ಬೀಳುವುದು ಬಂಪರಿಗೆ, ಬಾಗಿಲಿಗೆ, ಅವು ಪ್ಲಾನಿನ ಒಳಗೇ ಇರುತ್ತವೆ.

ನಮ್ಮ ಕಡೆ ತಿರುಗಾಮುರುಗಾ. ಇಲ್ಲಿ ಕಾರಿಗೆ ಯಾವುದು ಪೆಟ್ಟಾಗುತ್ತದೋ ಪಟ್ಟಿಯಲ್ಲಿ ಅದೇ ಇರುತ್ತದೆ! ಡಾಂಬರಿನ ಅಂಚು ಮಳೆಗೆ ಕೊರೆದು ಒಂದು ಗೇಣು ಕೆಳಗಿರುತ್ತದೆ. ಎದುರು ಅಡಕೆ ಲೋಡಿನ ಗಾಡಿ ಬಂತು ಅಂತ ಎಡಕ್ಕೆ ಇಳಿಸಿದರೆ ಟೈರಿನ ಪಕ್ಕ ಸೀಳುತ್ತದೆ, ರಿಮ್ ಬಾಗುತ್ತದೆ. ತೋಟದ ದಾರಿಯಲ್ಲಿ ಎರಡು ಚಕ್ರದ ಜಾಡಿನ ನಡುವೆ ಮಣ್ಣಿನ ದಿಬ್ಬ ಇರುತ್ತದೆ, ಅದರೊಳಗೆ ಜಂಬಿಟ್ಟಿಗೆ ಕಲ್ಲು. ಕಾರಿನ ಹೊಟ್ಟೆಗೆ 'ಕರ್' ಅಂದಿತು ಅಂದರೆ ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ, ಆಯಿಲ್ ಸಂಪ್, ನೆನೆಸಿಕೊಳ್ಳಿ. ಹಳೆ ಮರದ ಒಣ ಕೊಂಬೆ ಮೇಲ್ಛಾವಣಿಗೆ, ಮುಂದಿನ ಲಾರಿಯ ಚಕ್ರ ಎಸೆದ ಜಲ್ಲಿ ಗಾಜಿಗೆ. ಧರೆ ಬದಿಗೆ ಒತ್ತಿ ನಿಲ್ಲಿಸಿದರೆ ಎಡಗನ್ನಡಿ.

ಟೈರಿನ ಬಗ್ಗೆ ಮಾಮೂಲಿ ಮೋಟಾರ್ ಪಾಲಿಸಿಯೂ ಹೀಗೇ ಹೇಳುತ್ತದೆ. ಕಾರಿಗೂ ಜೊತೆಗೇ ಪೆಟ್ಟಾಗಿದ್ದರೆ ಟೈರಿಗೆ ಅರ್ಧ, ಬರೀ ಟೈರ್ ಹೋದರೆ ಏನೂ ಇಲ್ಲ.

ಹಾಗಾಗಿ ನನ್ನ ಸಲಹೆ: ಪ್ಲಾನಿನಲ್ಲಿ ಟೈರ್, ಗಾಜು, ಕೆಳಭಾಗ ಸೇರಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಸೇರಿಲ್ಲದಿದ್ದರೆ ಆ ದುಡ್ಡಿನಲ್ಲಿ ಎತ್ತರದ ಕಾರು ಹಿಡಿಯುವುದು ಲೇಸು. ನೆಲದಿಂದ ನಾಲ್ಕು ಬೆರಳು ಎತ್ತರ ಜಾಸ್ತಿ ಇದ್ದರೆ ಅದೇ ನಿಮ್ಮ ವಿಮೆ.

ಮಳೆಗಾಲದಲ್ಲಿ ಎಂಜಿನ್‌ಗೆ ನೀರು ಹೋದರೆ?

ಇದೊಂದು ಉತ್ತರವನ್ನು ದಯವಿಟ್ಟು ಪೂರ್ತಿ ಓದಿ.

ಎರಡು ಮಳೆಗಾಲದ ಹಿಂದೆ, ಆಷಾಢದಲ್ಲಿ, ನಮ್ಮಲ್ಲಿಗೆ ಹೊರಟಿದ್ದ ಒಬ್ಬ ಹುಡುಗ ಹಳ್ಳದ ತಗ್ಗು ಸೇತುವೆ ಮೇಲೆ ಕಾರು ಇಳಿಸಿದ. ಸೇತುವೆ ಮೇಲೆ ಮೊಣಕಾಲು ಮುಟ್ಟುವಷ್ಟು ಕೆಂಪು ನೀರು. ಅರ್ಧ ದಾರಿಯಲ್ಲಿ ಕಾರು ಬಂದ್ ಆಯಿತು. ಆಚೆ ದಡದಲ್ಲಿ ಗೊರಬಲು ಹಾಕಿಕೊಂಡು ನಿಂತಿದ್ದ ನಮ್ಮ ಆಳು 'ಸ್ಟಾರ್ಟ್ ಮಾಡಬೇಡಿ' ಅಂತ ಕೂಗಿದ್ದು ಮಳೆ ಸದ್ದಿನಲ್ಲಿ ಕೇಳಲೇ ಇಲ್ಲ. ಆತ ಗಾಬರಿಯಲ್ಲಿ ಮೂರು ಸಲ ಸ್ಟಾರ್ಟ್ ಬಟನ್ ಒತ್ತಿದ. ಮೂರನೇ ಸಲ ಒಳಗೆ ಟಕ್ ಅಂತ ಒಂದು ಸದ್ದು. ಕನೆಕ್ಟಿಂಗ್ ರಾಡ್ ಬಾಗಿತ್ತು.

ಸಿಲಿಂಡರ್ ಒಳಗೆ ಗಾಳಿಯ ಬದಲು ನೀರು ಹೋದರೆ ಪಿಸ್ಟನ್‌ಗೆ ಅದನ್ನು ಒತ್ತಲು ಆಗುವುದಿಲ್ಲ, ನೀರು ಕುಗ್ಗುವ ವಸ್ತು ಅಲ್ಲ. ಬಲವಂತ ಮಾಡಿದರೆ ರಾಡ್ ಮುರಿಯುತ್ತದೆ. ವಿಮಾ ಕಂಪನಿಯವರು ಇದನ್ನು ಪ್ರವಾಹದ ಹಾನಿ ಅನ್ನುವುದಿಲ್ಲ, ನೀರಿನಲ್ಲಿ ನೀವು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಅನ್ನುತ್ತಾರೆ. ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ಇದ್ದರೆ ಮಾತ್ರ ದುಡ್ಡು ಬರುವ ದಾರಿ. ಬಾಡಿಗೆ ಕರಾರಿನಲ್ಲಂತೂ ಇದನ್ನು ಡ್ರೈವರಿನ ಬೇಜವಾಬ್ದಾರಿ ಅಂತಲೇ ಬರೆದಿರುತ್ತಾರೆ. ಬೇಜವಾಬ್ದಾರಿ ಅಂದ ಕೂಡಲೇ ಮಿತಿ ಹಾರಿಹೋಗುತ್ತದೆ, ಎಂಜಿನ್ನಿನ ಪೂರ್ತಿ ಬೆಲೆ ನಿಮ್ಮ ಮೇಲೆ.

ನೀರಲ್ಲಿ ಕಾರು ನಿಂತರೆ ಕೀ ಮುಟ್ಟಬೇಡಿ. ಇಳಿದು ದಡ ಸೇರಿ. ತಳ್ಳಿಸಿ, ಟ್ರ್ಯಾಕ್ಟರ್ ಕಟ್ಟಿಸಿ, ಗ್ಯಾರೇಜಿನವರು ನೀರು ತೆಗೆಯುವವರೆಗೆ ಹಾಗೇ ಬಿಡಿ. ಅದಕ್ಕಿಂತ ಮೊದಲು, ಸೇತುವೆಯ ಅಂಚಿನ ಗೂಟ ಕಾಣದಿದ್ದರೆ ಇಳಿಯಲೇಬೇಡಿ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಹಳ್ಳ ಏರಲು ಒಂದು ಗಂಟೆ ಸಾಕು, ಅದೃಷ್ಟಕ್ಕೆ ಇಳಿಯಲೂ ಬಹಳ ಹೊತ್ತು ಬೇಡ. ಕಾಯಿರಿ.

ಬಾಡಿಗೆ ಕಾರಲ್ಲಿ ಕೊಡಚಾದ್ರಿ ಹತ್ತಬಹುದಾ?

ಬೇಡ. 1,343 ಮೀಟರ್ ಬೆಟ್ಟ, ಮೇಲಿನ ದಾರಿ ಜೀಪಿನವರಿಗೇ ಕಷ್ಟ. ಕಾರನ್ನು ಕೆಳಗೆ ನಿಲ್ಲಿಸಿ ಜೀಪ್ ಹಿಡಿಯಿರಿ. 'ರಸ್ತೆ ಇಲ್ಲದ ಕಡೆ ಓಡಿಸಬಾರದು' ಎಂಬ ಷರತ್ತು ಎಲ್ಲ ಕರಾರಿನಲ್ಲೂ ಇರುತ್ತದೆ, ಕಾರಿನಲ್ಲಿ ಜಿಪಿಎಸ್ ಇರುತ್ತದೆ. ಎಲ್ಲಿಗೆ ಹೋಗಿದ್ದಿರಿ ಅಂತ ಅವರಿಗೆ ನೀವು ಹೇಳಬೇಕಾಗಿಲ್ಲ.

ಕುಂದಾದ್ರಿಗೆ ರಸ್ತೆ ಇದೆ, ಆದರೆ ಕಡಿದಾದ ಏರು. ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ವಾಸನೆ ಬರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ. ಆಗುಂಬೆ ಘಾಟಿಯ 14 ತಿರುವುಗಳಿಗೂ ಇದೇ ಮಾತು. ಸುಟ್ಟ ಕ್ಲಚ್, ಸವೆದ ಬ್ರೇಕು ಯಾವ ಪ್ಲಾನಿನಲ್ಲೂ ಬರುವುದಿಲ್ಲ.

ಮೊದಲು 'ಸಿಗಂದೂರು ಲಾಂಚಿಗೆ ಬಾಡಿಗೆ ಕಾರು ಹತ್ತಿಸಬಹುದಾ' ಅಂತಲೂ ಕೇಳುತ್ತಿದ್ದರು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಆ ಪ್ರಶ್ನೆ ನಿಂತಿತು. ಲಾಂಚಿನ ಮಜಾನೂ ಹೋಯಿತು ಅನ್ನಿ.

ಪರಿಚಯದವರ ಬಿಳಿ ಬೋರ್ಡ್ ಕಾರು ಕಡಿಮೆಗೆ ಸಿಗುತ್ತದೆ, ತಗೊಳ್ಳಬಹುದಾ?

ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಟ್ಯಾಕ್ಸಿ. ಬಿಳಿ ಬೋರ್ಡ್ ಅಂದರೆ ಸ್ವಂತಕ್ಕೆ. ಸ್ವಂತ ಕಾರಿನ ಪಾಲಿಸಿಯಲ್ಲಿ 'ಬಾಡಿಗೆಗೆ ಬಳಸಿದರೆ ಅನ್ವಯಿಸದು' ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಪೆಟ್ಟಾದ ಮೇಲೆ ಹಾನಿ ನೋಡಲು ವಿಮೆಯವರ ಸರ್ವೇಯರ್ ಬಂದು 'ಇವರು ನಿಮಗೇನಾಗಬೇಕು' ಅಂತ ಒಂದು ಮಾತು ಕೇಳಿದರೆ ಸಾಕು, ಕತೆ ಬಿಚ್ಚಿಕೊಳ್ಳುತ್ತದೆ. ಅಲ್ಲಿಗೆ ಎಕ್ಸೆಸ್ ಪ್ರಶ್ನೆಯೇ ಇಲ್ಲ, ಪೂರ್ತಿ ಖರ್ಚು ನಿಮ್ಮದು ಮತ್ತು ಆ ಪರಿಚಯದವರದು. ಪರಿಚಯವೂ ಅಲ್ಲಿಗೇ ಮುಗಿಯುತ್ತದೆ.

ದುಡ್ಡು ತಗೊಳ್ಳದೆ ನೆಂಟರು ಕೊಟ್ಟ ಕಾರಿಗೆ ಈ ತಕರಾರು ಇಲ್ಲ, ನಿಮ್ಮ ಲೈಸೆನ್ಸ್ ಸರಿ ಇದ್ದರೆ ಆಯಿತು.

ಕಾರು ತಗೊಳ್ಳುವಾಗ ಏನು ಮಾಡಬೇಕು?

ವಿಡಿಯೋ. ಇದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ನಮ್ಮ ಕಾರು ಗ್ಯಾರೇಜಿನಲ್ಲಿದ್ದಾಗ ಬೆಂಗಳೂರಿನಿಂದ ಒಂದು ಬಾಡಿಗೆ ಕಾರು ತಂದಿದ್ದೆ. ಬೆಳಗ್ಗೆ ಐದೂವರೆ, ಹೊರಗೆ ಜಿಟಿಜಿಟಿ ಮಳೆ, ಬೇಸ್‌ಮೆಂಟಿನಲ್ಲಿ ಒಂದೇ ಟ್ಯೂಬ್‌ಲೈಟ್. ಸುತ್ತ ಒಂದು ಸುತ್ತು ವಿಡಿಯೋ ಮಾಡಿದೆ, ಎದೆಯ ಎತ್ತರದಲ್ಲಿ ಫೋನ್ ಹಿಡಿದು. ವಾಪಸ್ ಕೊಡುವಾಗ ಅಲ್ಲಿನ ಹುಡುಗ ಕುಕ್ಕರುಗಾಲಲ್ಲಿ ಕೂತು ಎಡ ಹಿಂದಿನ ರಿಮ್ ತೋರಿಸಿದ. ಅಂಚಿನಲ್ಲಿ ಬೆರಳುದ್ದದ ಗೀರು, ಅದರ ತುದಿಯಲ್ಲಿ ಹಳೇ ತುಕ್ಕು. ತುಕ್ಕು ಎರಡು ದಿನದಲ್ಲಿ ಬರುತ್ತದಾ ಅಂತ ನಾನು, ನಿಮ್ಮ ವಿಡಿಯೋ ತೋರಿಸಿ ಅಂತ ಅವನು. ವಿಡಿಯೋದಲ್ಲಿ ಬಾಗಿಲು ಇದೆ, ಬಂಪರ್ ಇದೆ, ಚಕ್ರ ಇರುವ ಕಡೆ ಬರೀ ಕತ್ತಲು. 4,500 ರೂಪಾಯಿ ಡೆಪಾಸಿಟ್ಟಿನಲ್ಲಿ ಮುರಿದುಕೊಂಡರು.

ಅಂದಿನಿಂದ ಒಂದು ಹಳೇ ಬೈರಾಸು ಜೊತೆಗಿಟ್ಟುಕೊಳ್ಳುತ್ತೇನೆ. ನೀರ ಹನಿ ಇದ್ದರೆ ಗೀರು ಕಾಣುವುದಿಲ್ಲ, ಮೊದಲು ಒರೆಸಬೇಕು. ಆಮೇಲೆ ಟಾರ್ಚ್ ಹಾಕಿ ನಾಲ್ಕು ರಿಮ್ಮು, ಗಾಜಿನ ಮೂಲೆಗಳು, ಮೇಲ್ಛಾವಣಿ, ಎರಡೂ ಬಂಪರಿನ ಕೆಳ ಅಂಚು, ಸ್ಟೆಪ್ನಿ, ಜಾಕ್. ಕೊನೆಗೆ ಮೀಟರ್ ಮತ್ತು ಪೆಟ್ರೋಲ್ ಮುಳ್ಳು. ವಿಡಿಯೋವನ್ನು ಅಲ್ಲೇ ನಿಂತು ಅವರ ನಂಬರಿಗೆ ಕಳಿಸಿ. ಸಮಯ ಬಿದ್ದಿರುತ್ತದೆ. ವಾಪಸ್ ಕೊಡುವಾಗ ಇನ್ನೊಮ್ಮೆ. ಕೆಸರು ಮೆತ್ತಿದ ಕಾರನ್ನು ತೊಳೆಸದೆ ಕೊಡಬೇಡಿ. ಕೊಟ್ಟರೆ, ತೊಳೆದ ಮೇಲೆ ಅವರೊಬ್ಬರೇ ಗೀರು ನೋಡಿ ಫೋನ್ ಮಾಡುತ್ತಾರೆ.

ಅಪಘಾತ ಆಯಿತು. ಮೊದಲು ಯಾರಿಗೆ ಫೋನ್?

ಯಾರಿಗಾದರೂ ಗಾಯವಾಗಿದ್ದರೆ 108 ಅಥವಾ 112. ಕಾರು, ಡೆಪಾಸಿಟ್ ಎಲ್ಲ ಆಮೇಲೆ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು ಡ್ರೈವರಿನ ಕಾನೂನು ಕರ್ತವ್ಯ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ.

ಬರೀ ಕಾರಿಗೆ ಪೆಟ್ಟಾದರೆ ಜಾಗದಲ್ಲೇ ಫೋಟೋ ತೆಗೆದು ಬಾಡಿಗೆ ಕಂಪನಿಗೆ ತಿಳಿಸಿ. ನೆಟ್‌ವರ್ಕ್ ಇಲ್ಲ ಅನ್ನಬೇಡಿ, ಇಲ್ಲದಿರುವುದೇ ಮಾಮೂಲು. ಸಿಗ್ನಲ್ ಸಿಗುವ ಏರಿನವರೆಗೆ ಹೋಗಿ ಮೆಸೇಜ್ ಹಾಕಿ ಬನ್ನಿ. 'ನಮ್ಮೂರ ಮೆಕ್ಯಾನಿಕ್ ಐನೂರಕ್ಕೆ ಸರಿ ಮಾಡುತ್ತಾನೆ' ಎಂಬ ಆಸೆಗೆ ಬೀಳಬೇಡಿ. ಅವನು ಚೆನ್ನಾಗೇ ಮಾಡುತ್ತಾನೆ, ಅದು ಬೇರೆ ವಿಷಯ. ಸರ್ವೇಯರ್ ನೋಡುವ ಮೊದಲು, ಕಂಪನಿಗೆ ಕೇಳದೆ ಮುಟ್ಟಿದರೆ ಕ್ಲೇಮ್ ಹೋಯಿತು, ನಿಮ್ಮ ಪ್ಲಾನೂ ಹೋಯಿತು.

ದಾರಿಯಲ್ಲಿ ಗೆಳೆಯ ಸ್ವಲ್ಪ ಹೊತ್ತು ಓಡಿಸಿದರೆ?

ಅವರ ಹೆಸರು ಬುಕಿಂಗ್‌ನಲ್ಲಿ ಇಲ್ಲದಿದ್ದರೆ ಓಡಿಸುವುದು ಬೇಡ. ಕುಡಿದಿದ್ದರೆ ಯಾರೇ ಆದರೂ ಬೇಡ. ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ದಾಟಿದರೆ ಅಪರಾಧ. ಆಮೇಲೆ ಯಾವ ಕವರೂ ನಿಲ್ಲುವುದಿಲ್ಲ.

ಓಡಿಸುತ್ತಿದ್ದ ನನಗೇ ಪೆಟ್ಟಾದರೆ?

ಇದನ್ನು ಜನ ಕೇಳುವುದೇ ಕಡಿಮೆ, ಕೇಳಬೇಕಾದ್ದು ಇದನ್ನೇ. ಮೋಟಾರ್ ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಕಾರಿನ ಮಾಲೀಕರಿಗೆ, ಅವರೇ ಓಡಿಸುವಾಗ. ಬಾಡಿಗೆಗೆ ತಗೊಂಡ ನೀವು ಮಾಲೀಕರಲ್ಲ. ಎಕ್ಸೆಸ್ ಪ್ಲಾನ್ ಬರೀ ತಗಡಿನ ಲೆಕ್ಕ. ನಿಮ್ಮ ಹೆಸರಿನಲ್ಲೇ ಒಂದು ವೈಯಕ್ತಿಕ ಅಪಘಾತ ಪಾಲಿಸಿ, ಒಂದು ಆರೋಗ್ಯ ಪಾಲಿಸಿ ಇರಲಿ.

ಮಂಗ, ಕಾಟಿ (ಕಾಡುಕೋಣ), ದನ?

ಆಗುಂಬೆ ಸೂರ್ಯಾಸ್ತದ ಕಟ್ಟೆ ಹತ್ತಿರ ಚಿಪ್ಸ್ ಪ್ಯಾಕೆಟ್ ಹಿಡಿದು ಕಿಟಕಿ ಇಳಿಸಬೇಡಿ, ವೈಪರ್ ಉಳಿಯುತ್ತದೆ. ರಾತ್ರಿ ಕಾಡಿನ ದಾರಿಯಲ್ಲಿ ನಿಧಾನ. ಕಾಟಿಗೆ ಗುದ್ದಿದರೆ ಪೆಟ್ಟಾಗುವುದು ಕಾರಿಗೆ, ಕಾಟಿ ಎದ್ದು ಹೋಗಿರುತ್ತದೆ.

ಮಗ ವಿದೇಶದಲ್ಲಿದ್ದಾನೆ, ಅಲ್ಲಿಗೆ ಹೋದಾಗ ಕಾರು ಬಾಡಿಗೆ ತಗೊಳ್ಳಬೇಕು. ಅಲ್ಲಿ ಹೇಗೆ?

ಈಚೆಗೆ ಪಕ್ಕದ ಮನೆಯವರೂ ಕೇಳಿದ್ದರು. ಯುರೋಪಿನಲ್ಲಿ ಬಾಡಿಗೆಯ ಜೊತೆಗೇ ಸಾಮಾನ್ಯವಾಗಿ ಒಂದು ಮೂಲ ಕವರ್ ಬರುತ್ತದೆ, ಆದರೆ ಎಕ್ಸೆಸ್ ಸಾವಿರ ಯೂರೋ, ಎರಡು ಸಾವಿರ ಯೂರೋ ಇರುವುದುಂಟು. ಅಷ್ಟು ಮೊತ್ತವನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಬಹಳ ಕಡೆ ಕಾರೇ ಕೊಡುವುದಿಲ್ಲ. ಕೌಂಟರಿನಲ್ಲಿ ನಿಂತವರು 'ಇಷ್ಟು ಕೊಟ್ಟರೆ ಎಕ್ಸೆಸ್ ಸೊನ್ನೆ' ಅಂತ ಒತ್ತಾಯ ಮಾಡುತ್ತಾರೆ. ದಿನದ ಲೆಕ್ಕದಲ್ಲಿ ಅದು ದುಬಾರಿ, ಕೆಲವೊಮ್ಮೆ ಕಾರಿನ ಬಾಡಿಗೆಯನ್ನೇ ಮೀರುತ್ತದೆ.

ಅದರ ಬದಲು ಮೊದಲೇ ಬೇರೆ ಕಂಪನಿಯಿಂದ ಎಕ್ಸೆಸ್ ವಿಮೆ ಕೊಂಡರೆ ಅಗ್ಗ, ಟೈರ್ ಮತ್ತು ಗಾಜು ಕೂಡ ಸೇರಿರುವುದು ಜಾಸ್ತಿ. ಆದರೆ ಮೂರು ವಿಷಯ ಗೊತ್ತಿರಲಿ. ಕಾರು ಕೈಗೆ ಬರುವ ಮೊದಲೇ ಕೊಳ್ಳಬೇಕು. ಪೆಟ್ಟಾದರೆ ಮೊದಲು ನೀವು ಬಾಡಿಗೆ ಕಂಪನಿಗೆ ದುಡ್ಡು ಕೊಟ್ಟು, ಬಿಲ್ಲು, ಪೆಟ್ಟಿನ ವರದಿ, ಕಾರ್ಡ್ ಸ್ಟೇಟ್‌ಮೆಂಟ್ ಎಲ್ಲ ಕಳಿಸಿ ಆಮೇಲೆ ವಾಪಸ್ ಪಡೆಯಬೇಕು, ಹಾಗಾಗಿ ಕಾರ್ಡಿನಲ್ಲಿ ತಡೆಹಿಡಿಯುವುದು ತಪ್ಪುವುದಿಲ್ಲ. ಇನ್ನೊಂದು, ಎಷ್ಟೋ ಪಾಲಿಸಿಗಳನ್ನು ಆ ದೇಶದ ನಿವಾಸಿಗಳಿಗೆ ಮಾತ್ರ ಮಾರುತ್ತಾರೆ. ಮಗ ಅಲ್ಲಿದ್ದು ಅವನೇ ಕಾರು ಬುಕ್ ಮಾಡಿದರೆ ಸುಲಭ, ನೀವು ಬುಕ್ ಮಾಡುವುದಾದರೆ ಭಾರತದವರಿಗೂ ಕೊಡುತ್ತಾರಾ ಅಂತ ನೋಡಿ. ಇಲ್ಲಿಂದ ಮಾಡಿಸುವ ಕೆಲವು ಟ್ರಾವೆಲ್ ಇನ್ಶೂರೆನ್ಸ್‌ಗಳಲ್ಲೂ ಬಾಡಿಗೆ ಕಾರಿನ ಎಕ್ಸೆಸ್ ಅಂತ ಒಂದು ಸಾಲು ಇರುತ್ತದೆ, ದುಪ್ಪಟ್ಟು ಕೊಳ್ಳಬೇಡಿ.

ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಆರ್‌ಟಿಒದಲ್ಲಿ ಸಿಗುತ್ತದೆ, ಒಂದು ವರ್ಷದ ಅವಧಿ. ಶಿವಮೊಗ್ಗದವರಿಗೆ ಶಿವಮೊಗ್ಗ, ಸಾಗರದ ಕಡೆಯವರಿಗೆ ಸಾಗರ.

ಒಟ್ಟಿನಲ್ಲಿ ಆ ಪ್ಲಾನ್ ತಗೊಳ್ಳಬೇಕಾ ಬೇಡವಾ?

ಹೆದ್ದಾರಿಯಲ್ಲಿ ಬಂದು ಶಿವಮೊಗ್ಗದಲ್ಲಿ ಉಳಿದು, ಸಕ್ರೆಬೈಲು, ಜೋಗ ನೋಡಿ ವಾಪಸ್ ಹೋಗುವವರಿಗೆ ಬಂಪರಿನ ಪ್ಲಾನ್ ಸಾಕು. ಹೊಸದಾಗಿ ಓಡಿಸಲು ಕಲಿತವರು ಎಲ್ಲಿಗೆ ಹೋದರೂ ತಗೊಳ್ಳಿ. ಹೋಂಸ್ಟೇ, ಜಲಪಾತ, ಒಳದಾರಿ ಅಂತ ಸುತ್ತುವವರು ಆ ಸಣ್ಣ ಅಕ್ಷರದ ಪಟ್ಟಿ ಓದದೆ ದುಡ್ಡು ಕಟ್ಟಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರಿಗೆ ನಾನು ಫೋನಿನಲ್ಲೇ ಹೇಳಿಬಿಡುತ್ತೇನೆ: ಡ್ರೈವರ್ ಇರುವ ಟ್ಯಾಕ್ಸಿ ಹಿಡಿಯಿರಿ, ಕಾರಿನ ಪೆಟ್ಟಿನ ಚಿಂತೆ ಅವರದು, ನೀವು ಮಳೆ ನೋಡಿ.

ನಿಮ್ಮ ಮನೆವರೆಗೆ ಸಣ್ಣ ಕಾರು ಬರುತ್ತದಾ?

ದೀಪಾವಳಿಯಿಂದ ಯುಗಾದಿ ಕಳೆಯುವವರೆಗೆ ಬರುತ್ತದೆ. ಉಣುಗೋಲಿನ ಹತ್ತಿರ ಬಲಕ್ಕೊಂದು ಕಲ್ಲುಕಂಬ ಇದೆ, ಅದರ ಮೇಲೆ ಐದಾರು ಬಣ್ಣದ ಗೀರುಗಳಿವೆ. ನಿಮ್ಮದು ಸೇರಿಸಬೇಡಿ, ಎಡಕ್ಕೆ ಒತ್ತಿ ತಿರುಗಿಸಿ. ಮಳೆಗಾಲದಲ್ಲಿ ಮೇಲಿನ ಬಸ್‌ಸ್ಟಾಪಿನ ಪಕ್ಕ ಗಟ್ಟಿ ಜಾಗದಲ್ಲಿ ಕಾರು ನಿಲ್ಲಿಸಿ, ಮರದ ಕೆಳಗೆ ಬೇಡ. ನಮ್ಮ ಜೀಪು ಬರುತ್ತದೆ.